ಹಲಗೆಯ ಮೇಲಿಲ್ಲದ ಕಸುಬು

ಹಲಗೆಯ ಮೇಲೆ ಆರು ಚಿತ್ರಗಳಿದ್ದವು. ವೈದ್ಯ, ಶಿಕ್ಷಕಿ, ರೈತ, ಪೊಲೀಸ್, ದರ್ಜಿ, ಅಡುಗೆಯವನು. ಒಂದೊಂದರ ಕೆಳಗೂ ಟೀಚರ್ ದುಂಡಗಿನ ಅಕ್ಷರದಲ್ಲಿ ಸ್ಪ್ಯಾನಿಷ್ ಹೆಸರು ಬರೆದಿದ್ದಳು. ಲಿಫ್ಟ್ ರಿಪೇರಿ ಮಾಡುವವನ ಚಿತ್ರ ಅಲ್ಲಿರಲಿಲ್ಲ. ಇರುವುದಾದರೂ ಹೇಗೆ? ಅವನು ಕೆಲಸ ಮಾಡುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದರೂ ಎರಡು ಬೂಟು ಮಾತ್ರ ಕಾಣುತ್ತವೆ.

ಪ್ರಶ್ನೆ ಮುಂದಿನ ಬೆಂಚಿನಿಂದ ಹೊರಟು ಒಬ್ಬೊಬ್ಬರನ್ನೇ ಮುಗಿಸುತ್ತ ಲಿಫ್ಟ್ ಮೇಸ್ತ್ರಿಯ ಕಡೆಗೆ ಬರುತ್ತಿತ್ತು. ನೀವು ಏನು ಕೆಲಸ ಮಾಡುತ್ತೀರಿ? ಬ್ಯಾಂಕಿನಲ್ಲಿದ್ದ ಹೆಂಗಸು ಸುಲಭವಾಗಿ ಪಾರಾದಳು. ಬ್ಯಾಂಕ್ ಎನ್ನುವ ಪದ ಆ ಭಾಷೆಯಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. ಕನ್ನಡಕದ ಅಂಗಡಿಯವನು ಒಂದು ಕ್ಷಣ ತಲೆ ಕೆರೆದುಕೊಂಡು, ಕಣ್ಣಿಗೆ ಹತ್ತಿರದ ಕೆಲಸ ತಾನೆ ಎಂದುಕೊಂಡನೋ ಏನೋ, ಧೈರ್ಯವಾಗಿ ವೈದ್ಯನಾಗಿಬಿಟ್ಟ. ಬಾಗಿಲು ದಾಟಿ ಒಳಗೆ ಬಂದ ಮೇಲೆ ಬೇರೆ ಯಾವ ಭಾಷೆಯನ್ನೂ ಆಡಕೂಡದು ಎನ್ನುವುದು ಟೀಚರ್ ಹಾಕಿದ್ದ ಕಟ್ಟುಪಾಡು. ಮೇಸ್ತ್ರಿ ತನ್ನ ಸರದಿ ಬಂದಾಗ ಎದ್ದು ನಿಂತು, ಬೇರೆ ದಾರಿ ಕಾಣದೆ, ಗಾಳಿಯಲ್ಲಿ ಇಲ್ಲದ ಸ್ಪ್ಯಾನರ್ ಹಿಡಿದು ತಿರುಗಿಸಿ ತೋರಿಸಿದ. ಟೀಚರ್‌ಗೆ ಅದು ಸೌಟಿನಂತೆ ಕಂಡಿತು.

"ಕೊಸಿನೆರೊ!" ಎಂದು ಆಕೆ ಖುಷಿಯಿಂದ ಕೊನೆಯ ಚಿತ್ರಕ್ಕೆ ಬೆರಳಿಟ್ಟಳು.

ಇಡೀ ತರಗತಿ ಅವನ ಕಡೆ ತಿರುಗಿತು. ಎಲ್ಲರ ಮುಖದಲ್ಲೂ ಊಟಕ್ಕೆ ಕರೆದಾಗ ಬರುವಂಥ ಒಂದು ಕಳೆ. ಇಷ್ಟು ವರ್ಷದ ಕೆಲಸದಲ್ಲಿ ಮೇಸ್ತ್ರಿಯನ್ನು ಹಾಗೆ ಯಾರೂ ನೋಡಿರಲಿಲ್ಲ. ಲಿಫ್ಟು ಓಡುತ್ತಿರುವಷ್ಟು ದಿನ ಅವನ ನೆನಪು ಯಾರಿಗೂ ಬರುವುದಿಲ್ಲ, ಕೆಟ್ಟು ನಿಂತಾಗ ಬರುವುದು ಬೈಯಲಿಕ್ಕೆ. ಇಲ್ಲ ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ತಲೆಯಾಡಿಸಲಿಲ್ಲ. "ಸೊಯ್ ಕೊಸಿನೆರೊ," ನಾನು ಅಡುಗೆಯವನು, ಎಂದು ಹೇಳಿ ಕೂತುಬಿಟ್ಟ.

ಸ್ಪ್ಯಾನಿಷ್ ಕಲಿಯಬೇಕೆನ್ನುವ ಹಂಬಲವೇನೂ ಅವನಿಗಿರಲಿಲ್ಲ. ಮಂಡಿ ಸವೆದು ಬೆಳಗಿನ ಪಾಳಿಗೆ ಬಿದ್ದ ಮೇಲೆ ಮಧ್ಯಾಹ್ನಕ್ಕೇ ಮನೆ ಸೇರುತ್ತಿದ್ದ. ಸುಮ್ಮನೆ ಕೂರುವ ಜೀವವಲ್ಲ. ಬಾಗಿಲ ತಿರುಗಣಿಗಳಿಗೆ ಎಣ್ಣೆ ಬಿಟ್ಟ, ಗಡಿಯಾರ ಬಿಚ್ಚಿದ, ಕೊನೆಗೊಂದು ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟ. ಉಪ್ಪು ಹುಡುಕಿ ಸಾಕಾದ ಹೆಂಡತಿ ಅವತ್ತು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಎಲ್ಲಾದ್ರೂ ಹೋಗಿ ಏನಾದ್ರೂ ಕಲೀರಿ. ಈಜು, ಹಾಡು, ಏನಾದ್ರೂ ಆಗ್ಲಿ. ಸಂಜೆ ಹೊತ್ತು ನನ್ನ ಅಡುಗೆಮನೆ ನನಗೆ ಬಿಟ್ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಗ್ರಂಥಾಲಯದ ಮಹಡಿಯಲ್ಲಿ ವಾರಕ್ಕೆರಡು ದಿನ ಸಂಜೆ ತರಗತಿಗಳು ನಡೆಯುತ್ತಿದ್ದವು. ಚಿತ್ರಕಲೆಗೆ ಜಾಗವಿರಲಿಲ್ಲ, ಯೋಗಕ್ಕೆ ಮಂಡಿ ಒಪ್ಪಲಿಲ್ಲ. ಉಳಿದದ್ದು ಸ್ಪ್ಯಾನಿಷ್.

ಆದರೆ ಸೇರಿದ ಮೇಲೆ ಅವನಿಗೆ ಅದರ ರುಚಿ ಹತ್ತಿತು. ಈ ವಯಸ್ಸಿನಲ್ಲಿ ಬಾಯಿಗೆ ಹೊಸ ಪದ ಹೊಂದಿಸುವುದು ಸುಲಭವಲ್ಲ. ನಾಲಿಗೆ ಹಳೆಯ ದಾರಿಗೇ ಎಳೆಯುತ್ತದೆ. ಆದರೂ ಮೂರು ಪದ ಸೇರಿ ಒಂದು ವಾಕ್ಯವಾಗಿ, ಅದು ಎದುರಿಗಿದ್ದವರಿಗೆ ಅರ್ಥವೂ ಆದಾಗ, ನಿಂತ ಲಿಫ್ಟು ಮತ್ತೆ ಮೇಲೇರಿದಷ್ಟೇ ಸಮಾಧಾನ. ತರಕಾರಿಯ ಪಾಠ ಬಂದರೆ ಎಲ್ಲರೂ ಅಡುಗೆಯವನ ಮುಖ ನೋಡುವರು. ಬ್ಯಾಂಕಿನ ಹೆಂಗಸು ಬದನೆಕಾಯಿ ಕಹಿಯಾಗದಂತೆ ಏನು ಮಾಡಬೇಕೆಂದು ಕೈಸನ್ನೆ ಸೇರಿಸಿ ಕೇಳಿದಳು. "ಸಾಲ್," ಉಪ್ಪು, ಎಂದ ಮೇಸ್ತ್ರಿ, ಬಾಯಿಗೆ ಬಂದದ್ದನ್ನು. ಮುಂದಿನ ವಾರ ಆಕೆ ಬಂದು ಅವನ ಕೈ ಕುಲುಕಿದಳು. ಅವನಿಗೆ ಒಳಗೊಳಗೇ ನಾಚಿಕೆಯಾಯಿತು. ಖುಷಿಯೂ ಆಯಿತು, ನಾಚಿಕೆಗಿಂತ ಒಂದು ತೂಕ ಜಾಸ್ತಿಯೇ.

ಹೀಗೆ ನಡೆಯುತ್ತಿದ್ದಾಗ ಟೀಚರ್ ಹೊಸದೊಂದು ಸುದ್ದಿ ತೆಗೆದಳು. ಈ ಸುತ್ತಿನ ಪಾಠಗಳು ಮುಗಿಯುವ ದಿನ ತರಗತಿಯಲ್ಲೇ ಊಟ. ಮನೆಯವರನ್ನೂ ಕರೆತರಬಹುದು. ಒಲೆ ಆಕೆ ತರುತ್ತಾಳೆ. ಅಡುಗೆ ಮಾಡುವುದು, ಇನ್ಯಾರು, ನಮ್ಮ ಕೊಸಿನೆರೊ! ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಸ್ತ್ರಿಗೆ ನೀರು ಕಾಯಿಸಲು ಬರುತ್ತಿತ್ತು, ಅಷ್ಟೆ. ಸಿಕ್ಕಿಬಿದ್ದರೆ ಈ ಮಹಡಿಯ ಮೆಟ್ಟಿಲು ಮತ್ತೆ ಹತ್ತುವುದು ಹೇಗೆ? ವಾರವಿಡೀ ಅವನು ಕಾಯುತ್ತಿದ್ದುದು ಆ ಎರಡು ಸಂಜೆಗಳಿಗಾಗಿ.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಒಪ್ಪಿಸಿದ. ಅವಳು ಮೊದಲು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಸಿಂಕಿನ ಅಂಚು ಹಿಡಿದುಕೊಂಡಳು.

"ನೀವು? ಅಡುಗೆಯವ್ರಾ?" ಎಂದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಮೊಟ್ಟೆ ಬೇಯ್ಸೋಕಿಟ್ಟು ಪಾತ್ರೆಗೆ ನೀರೇ ಹಾಕದೋರು ನೀವು!"

"ನಗ್ಬೇಡ. ಮಾನ ಹೋಗೋ ವಿಷಯ ಇದು."

"ನಿಜ ಹೇಳ್ಬಿಡಿ ಮತ್ತೆ."

"ಹೇಳೋಕೆ ಬರ್ಬೇಕಲ್ಲ. ನಾನು ಸುಳ್ಳು ಹೇಳಿದ್ದೆ ಅನ್ನೋಕೆ ಭೂತಕಾಲ ಬೇಕು. ಅದು ಮುಂದಿನ ಸುತ್ತಿನ ಪಾಠ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನನ್ನು ಒಂದು ಗಳಿಗೆ ನೋಡಿದಳು. ಗಂಡ ನಿಜಕ್ಕೂ ಹೆದರಿದ್ದಾನೆ ಎನ್ನುವುದು ಅವಳಿಗೆ ಆಗ ತಿಳಿಯಿತು. "ಕೈ ತೊಳ್ಕೊಂಡು ಬನ್ನಿ," ಎಂದಳು.

ಯಾವ ಅಡುಗೆಮನೆಯಿಂದ ಅವನನ್ನು ಓಡಿಸಿದ್ದಳೋ ಅಲ್ಲಿಗೇ ಅವಳು ಅವನನ್ನು ದಿನಾ ಸಂಜೆ ಕರೆದು ನಿಲ್ಲಿಸಿಕೊಂಡಳು. ಒಂದೇ ಒಂದು ತಿನಿಸು ಸಾಕು ಎಂದು ತೀರ್ಮಾನಿಸಿದರು: ಆಲೂಗಡ್ಡೆ, ಈರುಳ್ಳಿ, ಮೊಟ್ಟೆ ಸೇರಿಸಿ ಮಾಡುವ ದಪ್ಪನೆಯ ಆಮ್ಲೆಟ್. ಹೆಚ್ಚುವುದರಲ್ಲಿ ಮೇಸ್ತ್ರಿ ಹಿಂದೆ ಬೀಳಲಿಲ್ಲ. ಅವನ ಆಲೂಗಡ್ಡೆ ಬಿಲ್ಲೆಗಳು ವಾಷರ್‌ಗಳ ಹಾಗೆ ಒಂದೇ ಅಳತೆಗಿದ್ದವು. ಕಷ್ಟವಿದ್ದದ್ದು ಮಗುಚುವುದರಲ್ಲಿ. ಬಾಣಲೆಯ ಮೇಲೆ ತಟ್ಟೆ ಮುಚ್ಚಿ, ಒಂದೇ ಏಟಿಗೆ ತಿರುವಿ, ಮತ್ತೆ ಬಾಣಲೆಗೆ ಜಾರಿಸಬೇಕು. ಮೊದಲ ದಿನ ಅರ್ಧ ಒಲೆಯ ಮೇಲೆ, ಅರ್ಧ ಅವನ ಚಪ್ಪಲಿಯ ಮೇಲೆ.

"ಹೆದರ್ಕೊಂಡು ಮಗುಚ್ತೀರಲ್ಲ, ಅದಕ್ಕೇ ಬೀಳತ್ತೆ," ಎನ್ನುವಳು. "ಇನ್ನೊಂದ್ಸಲ. ಎಣ್ಣೆ ಹಾಕಿ."

"ಅಸೆಯ್ತೆ," ಎನ್ನುವನು ಅವನು ಎಣ್ಣೆ ಬಿಡುತ್ತ. ಅಭ್ಯಾಸ ತಪ್ಪಬಾರದೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಸ್ಪ್ಯಾನಿಷ್‌ನಲ್ಲೇ ಕೂಗುತ್ತಿದ್ದ.

"ಸ್ವಲ್ಪ ಸಾಲದು. ಇನ್ನೂ ಹಾಕಿ."

"ಮಾಸ್ ಅಸೆಯ್ತೆ."

ಕೆಲವು ದಿನಗಳಲ್ಲಿ ಅವಳೇ ಕೂಗತೊಡಗಿದಳು. ಅವನಿಗೆ ಬಾಯಿಪಾಠ ಮಾಡಿದರೂ ಹತ್ತದ ಪದಗಳು ಅವಳಿಗೆ ಒಗ್ಗರಣೆಯ ಸದ್ದಿನ ನಡುವೆ ಕೇಳಿಯೇ ಹತ್ತಿಬಿಟ್ಟಿದ್ದವು. ಊಟಕ್ಕೆ ಕೂತಾಗ ಅವನು ಅವಳನ್ನು ಪ್ರಶ್ನೆ ಕೇಳಿ ಅಭ್ಯಾಸ ಮಾಡುವನು: ನಿಮ್ಮ ಹೆಸರೇನು, ಎಲ್ಲಿರುತ್ತೀರಿ, ಏನು ಕೆಲಸ? ಅರೆಬೆಂದ ಆಲೂಗಡ್ಡೆ ಅಗಿಯುತ್ತ ಅವಳು ನಗುವಳು. ಇಷ್ಟು ಹೊತ್ತು ಒಟ್ಟಿಗೆ ನಿಂತು ಮಾತಾಡಿ ಎಷ್ಟು ಕಾಲವಾಗಿತ್ತೆಂದು ಇಬ್ಬರಿಗೂ ನೆನಪಿರಲಿಲ್ಲ. ಚೆನ್ನಾಗಿತ್ತು. ದೋಸೆಯದಾಗಲಿ ಆಮ್ಲೆಟ್ಟಿನದಾಗಲಿ, ಸೀದ ಅಂಚು ಅವಳಿಗೆ ಇಷ್ಟವೆಂದೂ, ಮದುವೆಯಾದಾಗಿನಿಂದ ಅದನ್ನು ಅವಳು ಒಲೆಯ ಬಳಿ ನಿಂತೇ ತಿಂದು ಮುಗಿಸುತ್ತಿದ್ದಳೆಂದೂ ಅವನಿಗೆ ಗೊತ್ತಾದದ್ದು ಆ ದಿನಗಳಲ್ಲೇ.

ಆದರೆ ಅಡುಗೆ ಕಲಿತಷ್ಟೂ ಅವನ ಮನಸ್ಸಿಗೆ ಕಿರಿಕಿರಿಯಾಗತೊಡಗಿತು. ಇಷ್ಟು ಕಷ್ಟದ ಕಸುಬನ್ನು ಗಾಳಿಯಲ್ಲಿ ಕೈ ತಿರುಗಿಸಿ ತನ್ನದೆಂದು ಹೇಳಿಕೊಂಡೆನಲ್ಲ ಎನ್ನಿಸಿತು. ನಿಜ ಹೇಳಲು ಭೂತಕಾಲವೇ ಯಾಕೆ ಬೇಕು, ವರ್ತಮಾನದಲ್ಲೂ ಹೇಳಬಹುದಲ್ಲ ಎಂದು ಹೊಳೆದದ್ದು ಒಂದು ಬೆಳಿಗ್ಗೆ, ಲಿಫ್ಟಿನ ಮೇಲೆ ಕೂತಿದ್ದಾಗ. ತಾನು ಹಲವು ವರ್ಷದಿಂದ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದ ಯಂತ್ರದ ಕೈಪಿಡಿ ತೆರೆದರೆ ಅದರಲ್ಲಿ ಐದಾರು ಭಾಷೆ. ಸ್ಪ್ಯಾನಿಷ್ ಪುಟದಲ್ಲಿ ಅವನ ಕಸುಬಿಗೂ ಒಂದು ಹೆಸರಿತ್ತು.

ಊಟದ ದಿನ ಬೆಳಿಗ್ಗೆ ಗಡ್ಡ ಹೆರೆಯುತ್ತ ಕನ್ನಡಿಗೆ ಹೇಳತೊಡಗಿದ. "ನೊ ಸೊಯ್ ಕೊಸಿನೆರೊ. ಸೊಯ್ ಮೆಕಾನಿಕೊ ದೆ ಅಸೆನ್ಸೊರೆಸ್."

"ಏನ್ರೀ ಅದು ಮಂತ್ರ?" ಎಂದಳು ಹೆಂಡತಿ ಹೊರಗಿನಿಂದ.

"ನಾನು ಅಡುಗೆಯವನಲ್ಲ, ಲಿಫ್ಟ್ ಮೆಕ್ಯಾನಿಕ್ ಅಂತ. ಇವತ್ತು ಎಲ್ಲರ ಮುಂದೆ ಹೇಳ್ಬಿಡ್ತೀನಿ."

"ಮೊದ್ಲು ನೆಟ್ಟಗೆ ಮಗುಚಿ, ಆಮೇಲೆ ಹೇಳೋರಂತೆ," ಎಂದು ಅವಳು ಒಳಗೆ ಹೋದಳು. ಅವನು ಕೆನ್ನೆ ಬದಲಾಯಿಸಿ ಮತ್ತೆ ಶುರು ಮಾಡಿದ.

ಸಂಜೆ ತರಗತಿಯ ಬೆಂಚುಗಳನ್ನೆಲ್ಲ ಸೇರಿಸಿ ಒಂದೇ ಮೇಜು ಮಾಡಿದ್ದರು. ಟೀಚರ್ ತಂದಿದ್ದ ಕರೆಂಟಿನ ಒಲೆ ಹಲಗೆಯ ಕೆಳಗೇ ಇತ್ತು. ಎಲ್ಲರೂ ಸುತ್ತ ನಿಂತರು. ಮೇಸ್ತ್ರಿ ಹೆಚ್ಚಿದ, ಹುರಿದ, ಮೊಟ್ಟೆ ಸುರಿದ. ಮಗುಚುವ ಹೊತ್ತು ಬಂತು. ಬಾಣಲೆಯ ಮೇಲೆ ತಟ್ಟೆ ಮುಚ್ಚಿ ಹೆಂಡತಿಯ ಕಡೆ ನೋಡಿದ. ಅವಳು ಗದ್ದ ಮುಂದೆ ಮಾಡಿದಳು, ಹೂಂ ಎನ್ನುವಂತೆ. ತಿರುವಿಯೇಬಿಟ್ಟ. ತಟ್ಟೆಗೆ ಇಡಿಯಾಗಿ ಬಂತು. ಒಂದು ಕಡೆ ಸ್ವಲ್ಪ ಕುಸಿದಿತ್ತು, ಅಂಚು ಸೀದು ಕಂದಾಗಿತ್ತು. ಆದರೆ ಒಂದು ಚೂರೂ ಕೆಳಗೆ ಬೀಳಲಿಲ್ಲ.

ಚಪ್ಪಾಳೆ ಬಿತ್ತು. ಬ್ಯಾಂಕಿನ ಹೆಂಗಸು ಅವನ ಬೆನ್ನು ತಟ್ಟಿದಳು. ಇನ್ನು ತಡಮಾಡಿದರೆ ಧೈರ್ಯ ಇಳಿದುಹೋಗುತ್ತದೆ ಎಂದುಕೊಂಡು ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ನೊ ಸೊಯ್..." ಎಂದ.

ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೇಳಿದ್ದು ಹೆಂಡತಿಗೆ ಮಾತ್ರ. ಆಗಲೇ ಟೀಚರ್ ನಗುನಗುತ್ತ ಅವಳ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ, ಹೊಸಬರನ್ನು ಕೇಳುವ ಪ್ರಶ್ನೆ ಕೇಳಿದಳು. ನೀವು? ನೀವು ಏನು ಕೆಲಸ ಮಾಡುತ್ತೀರಿ? ಗದ್ದಲ ನಿಂತಿತು. ಎಲ್ಲರೂ ಅವಳತ್ತ ನೋಡಿದರು.

ಅವಳು ಗಂಡನನ್ನು ನೋಡಿದಳು. ಅವನ ಬಾಯಿ ಇನ್ನೂ ತೆರೆದೇ ಇತ್ತು, ಹಣೆಯ ಮೇಲೆ ಬೆವರಿತ್ತು, ಕೈಯಲ್ಲಿ ತಟ್ಟೆ ಇತ್ತು. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಸೊಯ್ ಮೆಕಾನಿಕೊ ದೆ ಅಸೆನ್ಸೊರೆಸ್," ಎಂದಳು, ಎಲ್ಲೂ ತಡವರಿಸದೆ.

"ಮೆಕಾನಿಕಾ," ಎಂದು ಹೆಂಗಸರಿಗೆ ಸಲ್ಲುವಂತೆ ತಿದ್ದಿದಳು ಟೀಚರ್. ತಿದ್ದಿದ್ದು ಅಷ್ಟನ್ನೇ. ಆಮೇಲೆ ಎಲ್ಲರಿಗೂ ಅರ್ಥವಾಗಲೆಂದು ಹಲಗೆಯ ಮೇಲೆ ಆರು ಚಿತ್ರಗಳನ್ನು ಬರೆದಷ್ಟೇ ಶ್ರದ್ಧೆಯಿಂದ ಒಂದು ಪೆಟ್ಟಿಗೆ ಬರೆದು, ಅದಕ್ಕೊಂದು ಹಗ್ಗ ಕಟ್ಟಿ, ಮೇಲೆ ಕೆಳಗೆ ಬಾಣದ ಗುರುತು ಹಾಕಿದಳು. ಓಹೋ ಎಂದು ಎಲ್ಲರೂ ಬೆರಗಾಗಿ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಬಾಯಿ ಮುಚ್ಚಿದ.

ಬ್ಯಾಂಕಿನ ಹೆಂಗಸಂತೂ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಬಂದು ಕೂತಳು. ತಮ್ಮ ಕಟ್ಟಡದ ಲಿಫ್ಟು ಮೇಲೇರುವಾಗ ಕಿರ್ರೆನ್ನುತ್ತದೆ ಎನ್ನುವುದನ್ನು ಅರ್ಧ ಸ್ಪ್ಯಾನಿಷ್‌ನಲ್ಲಿ, ಅರ್ಧ ಹಲ್ಲು ಕಡಿದು ಸದ್ದು ಮಾಡಿ ತಿಳಿಸಿದಳು. ಏನು ಮಾಡಬೇಕು?

ಮೇಸ್ತ್ರಿಗೆ ಉತ್ತರ ಗೊತ್ತಿತ್ತು. ಆದರೆ ಅವನು ಈಗ ಅಡುಗೆಯವನು. ಹೆಂಡತಿ ಗಂಭೀರವಾಗಿ ಕೇಳಿಸಿಕೊಂಡಳು, ಕಣ್ಣು ಕಿರಿದು ಮಾಡಿ ಸ್ವಲ್ಪ ಯೋಚಿಸಿದಳು.

"ಅಸೆಯ್ತೆ," ಎಂದಳು. ಆಮೇಲೆ, ಸಾಲದು ಎನ್ನಿಸಿ, "ಮಾಸ್ ಅಸೆಯ್ತೆ."

ಬ್ಯಾಂಕಿನ ಹೆಂಗಸು ಹೌದೌದು ಎಂದು ತಲೆದೂಗಿದಳು. ಮೇಸ್ತ್ರಿ ಚಾಕು ತೆಗೆದುಕೊಂಡು ಮೊದಲ ತುಂಡು ಕತ್ತರಿಸಿದ, ಸೀದ ಅಂಚು ಹೆಚ್ಚಿದ್ದ ಕಡೆಯಿಂದ, ಮತ್ತು ಅದನ್ನು ಲಿಫ್ಟ್ ಮೆಕ್ಯಾನಿಕ್ಕಿನ ತಟ್ಟೆಗೆ ಬಡಿಸಿದ.