ಪ್ರಥಮನ ಪಥ್ಯ

ಗೋಧಿ ಜನ್ಮವಿಡೀ ಬೇಡ, ಹಾಲು ಕರುಳು ಸುಧಾರಿಸುವ ತನಕ ಬೇಡ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ ದಿನವೇ ಶ್ರೀಲಕ್ಷ್ಮಿ ಸಿರ್ಸಿಯ ತನ್ನ ಬಾಡಿಗೆ ಮನೆಯ ಅಡುಗೆಕೋಣೆಯನ್ನು ತಲೆಕೆಳಗು ಮಾಡಿದಳು. ರವೆ, ಮೈದಾ, ಶ್ಯಾವಿಗೆ, ಬಿಸ್ಕತ್ತು ಎಲ್ಲ ಹೊರಗೆ ಹೋದವು. ಆರು ವರ್ಷದ ಮಗ ಪ್ರಥಮನಿಗೆ ಬೇರೆ ಪಾತ್ರೆ, ಬೇರೆ ಸೌಟು ಬಂತು. ಅನ್ನ ಉಣ್ಣುವ ಊರಿನಲ್ಲಿ ಗೋಧಿ ಬಿಡುವುದು ದೊಡ್ಡ ಮಾತಲ್ಲ. ಆದರೆ ಮಜ್ಜಿಗೆಯಿಲ್ಲದೆ ಊಟ ಮುಗಿಸುವುದು ಹೇಗೆ? ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದಂತೆ; ಇವಳು ಮಜ್ಜಿಗೆಯ ಜಾಗಕ್ಕೆ ಅಪ್ಪೆಹುಳಿ ತಂದಳು. ಬೇಯಿಸಿದ ಮಾವಿನಕಾಯಿಯ ತಿಳಿಗೆ ಘಮ್ಮೆನ್ನುವ ಇಂಗಿನ ಒಗ್ಗರಣೆ. ಮಾವಿನಕಾಯಿ ಮುಗಿದ ಮೇಲೆ ಲಿಂಬೆಯದು. ಹುಡುಗ ದಿನಾ ಲೋಟ ತುಂಬ ಕುಡಿದ, ತಾಯಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ಶ್ರೀಲಕ್ಷ್ಮಿ ಸಿದ್ದಾಪುರ ರಸ್ತೆಯ ಹಳ್ಳಿಯೊಂದರಲ್ಲಿ ಶಾಲೆ ಟೀಚರು. ಅವಳು ಮನೆಗೆ ಬರುವುದು ಆರಕ್ಕೆ. ಅಲ್ಲಿಯ ತನಕ ಪ್ರಥಮ ಪಕ್ಕದ ಮನೆಯ ಸುಗ್ರಾಳ ಹತ್ತಿರ ಇರುತ್ತಿದ್ದ, ಎರಡು ವರ್ಷದವನಿದ್ದಾಗಿನಿಂದಲೂ. ಸುಗ್ರಾಳ ಗಂಡ ನೂರ್ ಅಹ್ಮದ್ ಲಾರಿ ಹತ್ತಿ ಅರಬೈಲ್ ಘಟ್ಟ ಇಳಿದರೆ ವಾರ ಬಿಟ್ಟು ಬರುವವ. ಪಥ್ಯದ ಸುದ್ದಿ ಕೇಳಿದ ಸುಗ್ರಾ ಹಗಲು ಹೊತ್ತು ಚಪಾತಿ ಲಟ್ಟಿಸುವುದನ್ನೇ ಬಿಟ್ಟಳು, ಚಹಾಕ್ಕೆ ಅದ್ದುವ ಟೋಸ್ಟಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು.

ಮೂರು ತಿಂಗಳಾಯಿತು. ಹೊಟ್ಟೆನೋವು ನಿಲ್ಲಲಿಲ್ಲ, ತೂಕ ಏರಲಿಲ್ಲ, ರಕ್ತ ಪರೀಕ್ಷೆಯ ಅಂಕಿ ಇಳಿಯಲಿಲ್ಲ. ಎಲ್ಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದರು ಡಾಕ್ಟರು. ತನ್ನ ಮನೆಯಲ್ಲಂತೂ ಅಲ್ಲ ಎಂದು ಶ್ರೀಲಕ್ಷ್ಮಿಗೆ ಖಾತ್ರಿಯಿತ್ತು.

ಮಕ್ಕಳ ಬಾಯಿ ಬಿಡಿಸುವುದರಲ್ಲಿ ಅವಳದು ಎತ್ತಿದ ಕೈ. ಕೊಟ್ಟರಾ ಎಂದು ಕೇಳಿದರೆ ಮಕ್ಕಳು ಇಲ್ಲ ಎನ್ನುತ್ತವೆ. ಎಷ್ಟು ಸಲ ಕೊಟ್ಟರು ಎಂದು ಕೇಳಬೇಕು. ಅವಳು ಹಾಗೆಯೇ ಕೇಳಿದಳು. ಪ್ರಥಮ ಇಲ್ಲವೆಂದ, ಅತ್ತ, ಮತ್ತೆ ಇಲ್ಲವೆಂದ. ಮುಕ್ಕಾಲು ಗಂಟೆಯ ನಂತರ, ಎರಡು ಸಲ, ಟೋಸ್ಟು, ಎಂದ.

ಮಗನ ಕೈ ಹಿಡಿದುಕೊಂಡೇ ಅವಳು ಪಕ್ಕದ ಮನೆಗೆ ಹೋಗಿ ಬಾಯಿಗೆ ಬಂದಂತೆ ಆಡಿದಳು. ಸುಗ್ರಾ ಅವಳನ್ನು ನೋಡಲಿಲ್ಲ, ಹುಡುಗನನ್ನು ನೋಡಿದಳು.

“ತಪ್ಪಾಯ್ತು ಅಕ್ಕೋರೆ. ಅವನಿಗೆ ಏನೂ ಅನ್ನಬೇಡಿ.”

ಒಪ್ಪಿಕೊಂಡ ಮೇಲೆ ಇನ್ನೇನು? ಟೀಚರು ಸುದ್ದಿಯನ್ನು ಕೇರಿಗೂ ಶಾಲೆಗೂ ಹಂಚಿದಳು. ಹೇಳಿ ಕೇಳಿ ಅವರ ಮನೆ, ಕಳಿಸಿದ್ದೇ ತಪ್ಪು ಎಂದರು ಕೇಳಿದವರು. ಅದನ್ನು ಅವಳು ಅಲ್ಲಗಳೆಯಲಿಲ್ಲ. ಮಗನನ್ನು ತನ್ನ ಶಾಲೆಗೇ ಸೇರಿಸಿ, ಹಗಲೂ ರಾತ್ರಿ ಕಣ್ಣೆದುರು ಇಟ್ಟುಕೊಂಡು, ಮತ್ತೆರಡು ತಿಂಗಳು ಅಪ್ಪೆಹುಳಿ ಕುಡಿಸಿದಳು.

ಅಂಕಿ ಆಗಲೂ ಇಳಿಯಲಿಲ್ಲ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಹೊತ್ತು ತನ್ನಿ ಎಂದರು ಡಾಕ್ಟರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಹಾರ ತಜ್ಞೆ ಒಂದೊಂದೇ ಬದಿಗಿಟ್ಟು, ಕೊನೆಗೆ ಪುಡಿ ಇಂಗಿನ ಡಬ್ಬಿ ತಿರುಗಿಸಿ ಬೆರಳಿಟ್ಟು ತೋರಿಸಿದಳು. ಇರುವೆಯಂಥ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿತ್ತು. ಇಂಗನ್ನು ಪುಡಿ ಮಾಡಲು ಬೆರೆಸುತ್ತಾರಂತೆ. ಊರ ಮಕ್ಕಳಿಗೆಲ್ಲ ಓದು ಕಲಿಸಿದ ಟೀಚರು ಇಂಗು ತಿಂದ ಮಂಗನ ಹಾಗೆ ಕುಳಿತಳು. ಐದು ತಿಂಗಳು, ದಿನಾ, ತನ್ನ ಕೈಯಾರೆ ವಿಷ ಹಾಕಿದ್ದಳು.

ವಾಪಸು ಬರುವಾಗ ಯಲ್ಲಾಪುರದಲ್ಲಿ ಬಸ್ಸು ನಿಂತಿತ್ತು. ಸುಗ್ರಾ ಟೋಸ್ಟು ಕೊಟ್ಟಳೆಂದು ಯಾಕೆ ಹೇಳಿದೆ ಎಂದು ಮಗನನ್ನು ಕೇಳಿದಳು.

“ಹೌದು ಹೇಳ ತನಕ ನೀ ಬಿಟ್ಟಿದ್ದಿಲ್ಲೆ, ಆಯಿ.”

ಸಿರ್ಸಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಸುಗ್ರಾಳ ಬಾಗಿಲಿಗೆ ಹೋದಳು. ಇಂಗಿನ ಕಥೆ ಹೇಳಿದಳು, ಕೈ ಮುಗಿದಳು, ಕೊಡದಿದ್ದುದನ್ನು ಕೊಟ್ಟೆನೆಂದು ಯಾಕೆ ಒಪ್ಪಿಕೊಂಡೆ ಎಂದು ಕೇಳಿದಳು. ಸುಗ್ರಾ ಒಳಗೆ ಬನ್ನಿ ಎನ್ನಲಿಲ್ಲ.

“ನಾ ಕೊಟ್ಟಿಲ್ಲ ಅಂದಿದ್ರೆ ಅವ ಸುಳ್ಳ ಅಂತ ಆಗ್ತಿತ್ತು. ಮನೆಗೆ ಕರ್ಕೊಂಡು ಹೋಗಿ ಹೊಡೀತಿದ್ರಿ.”

ನಿಜ, ಶ್ರೀಲಕ್ಷ್ಮಿ ಹೊಡೆಯುತ್ತಿದ್ದಳು. ನಾಳೆಯಿಂದ ಮತ್ತೆ ಕಳಿಸಲೇ ಎಂದು ಮೆಲ್ಲಗೆ ಕೇಳಿದಳು.

“ಬೇಡ ಅಕ್ಕೋರೆ. ನಾಳೆ ಅವನಿಗೆ ಹೊಟ್ಟೆನೋವು ಬಂದ್ರೆ ಮತ್ತೆ ಅವನನ್ನೇ ಕೇಳ್ತೀರಿ.”

ಪ್ರಥಮ ಗೇಟಿನ ಹತ್ತಿರ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದ. ತಾಯಿ ತಿರುಗಿ ಬರುವುದು ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದ.

“ತಪ್ಪು ನಂದೇ, ಆಯಿ” ಎಂದ.

ಅವನನ್ನು ಯಾರೂ ಏನೂ ಕೇಳಿರಲಿಲ್ಲ.