ಬಾಗಿಲಿಗೆ ಬಾರದ ಅಭ್ಯರ್ಥಿಗಳು

ಚಿನಕುರಳಿಯಲ್ಲಿ ಚುನಾವಣೆ ಬಂತೆಂದು ಎಲ್ಲರಿಗಿಂತ ಮೊದಲು ತಿಳಿಯುವುದು ನಾಯಿಗಳಿಗೆ. ಪಂಚಾಯಿತಿಯದಾಗಲಿ, ಹಾಲಿನ ಸೊಸೈಟಿಯದಾಗಲಿ, ಸಂಜೆಯಾದರೆ ಸಾಕು, ಜನ ಗುಂಪು ಕಟ್ಟಿಕೊಂಡು ಬೀದಿಗಿಳಿಯುತ್ತಾರೆ. ನಾಯಿಗಳು ಬೊಗಳುತ್ತವೆ. ಅಭ್ಯರ್ಥಿ ಬಾಗಿಲಲ್ಲಿ ನಿಂತು ಕೈಮುಗಿಯುತ್ತಾನೆ. ಯಶೋದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, “ಆಯ್ತು ಬುಡಪ್ಪ, ನೋಡಾನ” ಎನ್ನುತ್ತಾಳೆ. ಕೇಳಿದವರಿಗೆಲ್ಲ ಅವಳು ಓಟು ಹಾಕುತ್ತಾಳೆಂದಲ್ಲ. ಆದರೆ ಬಂದು ಕೇಳದವರಿಗೆ ಇಲ್ಲಿಯವರೆಗೆ ಹಾಕಿದವಳಲ್ಲ.

ಈ ಸಲದ ಚುನಾವಣೆಗೆ ಒಂದು ನಾಯಿಯೂ ಬೊಗಳಲಿಲ್ಲ. ಅದು ಬಂದದ್ದು ಫೋನಿಗೆ.

ಯಶೋದಮ್ಮ ಹುಡುಗಿಯಾಗಿದ್ದಾಗ ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟಿದ್ದಳು. ಈಗ ಮತ್ತೆ ಪರೀಕ್ಷೆ ಕಟ್ಟಿದ್ದಾಳೆ. ಡೇರಿಗೆ ಹಾಲು ಹಾಕಿ ಬಂದವಳೇ ಸಂಜೆಯ ತರಗತಿಗೆ ಹೋಗುತ್ತಾಳೆ. ಪಾಂಡವಪುರದಿಂದ ಬಸ್ಸಿನಲ್ಲಿ ಬರುವ ಅಲ್ಮಾಸ್ ಮೇಡಂ ಅಲ್ಲಿ ಪಾಠ ಹೇಳುತ್ತಾರೆ. ಪಾಠಗಳು ‘ತೆರೆದ ಪಾಠ ಬಳಗ’ ಎಂಬ ಸಂಸ್ಥೆಯವು. ಹಲವು ದೇಶಗಳ ಜನ ಸೇರಿ ನಡೆಸುವ ಬಳಗ ಅದು. ಅದರ ಪಾಠಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು, ಅಚ್ಚು ಹಾಕಿಸಿಕೊಳ್ಳಬಹುದು, ತಮ್ಮ ಭಾಷೆಗೆ ತಂದುಕೊಂಡು ತಮ್ಮೂರಿಗೆ ಒಗ್ಗುವಂತೆ ತಿದ್ದಬಹುದು. ಶೇಕಡಾ ಲೆಕ್ಕದ ಪಾಠದಲ್ಲಿ ಯಾವುದೋ ದೇಶದ ಹಿಮ ಕರಗುತ್ತಿತ್ತು. ಅದನ್ನು ತೆಗೆದು ಅಲ್ಲಿ ಹಾಲಿನ ಫ್ಯಾಟು ಇಡಿಸಿದವಳು ಯಶೋದಮ್ಮನೇ. ಹೀಗೆ ಪಾಠ ತಿದ್ದಲು ಕೈಜೋಡಿಸಿದವರೆಲ್ಲ ಬಳಗದ ಸದಸ್ಯರು. ಸದಸ್ಯರಿಗೆಲ್ಲ ಒಂದೊಂದು ಓಟು.

ಒಂದೇ ತೊಡಕು. ರೇಖಾಗಣಿತದ ಪಾಠಗಳು ಇನ್ನೂ ಇಂಗ್ಲಿಷಿನಲ್ಲೇ ಇದ್ದವು. ವೃತ್ತ ಎಂದರೆ ದುಂಡಗಿರುವುದು ಎಂಬುದರ ಆಚೆಗೆ ಯಶೋದಮ್ಮನಿಗೆ ಏನೂ ಹತ್ತುತ್ತಿರಲಿಲ್ಲ. ಈ ಸಲವೂ ಗಣಿತ ಕೈಕೊಟ್ಟರೆ ಮತ್ತೆ ಕಟ್ಟುವ ಧೈರ್ಯ ತನಗಿಲ್ಲವೆಂದು ಅವಳು ಒಳಗೊಳಗೇ ಹೆದರಿದ್ದಳು.

ಯಾವ ಭಾಷೆಗೆ ಯಾವ ಪಾಠ ಮೊದಲು ತರಬೇಕೆಂದು ತೀರ್ಮಾನಿಸುವುದು ಬಳಗದ ಆಡಳಿತ ಮಂಡಳಿ. ಆ ಮಂಡಳಿಯ ಎರಡು ಸ್ಥಾನಗಳಿಗೆ ಮೂವರು ನಿಂತಿದ್ದಾರೆ, ಕೀನ್ಯಾದ ವಾಂಜಿರು, ಪೋರ್ಚುಗಲ್ಲಿನ ಇನೆಸ್, ಮೈಸೂರಿನ ನಿವೃತ್ತ ಮೇಷ್ಟ್ರು ನರಸಯ್ಯ, ಎಂದು ಅಲ್ಮಾಸ್ ತರಗತಿಯಲ್ಲಿ ತಿಳಿಸಿದರು.

“ಅಲ್ಲ ಮೇಡಂ, ಓಟ್ ಬೇಕು ಅನ್ನೋರು ಬಂದು ಕೇಳ್ಬೇಕಲ್ವಾ?” ಎಂದಳು ಯಶೋದಮ್ಮ. “ಕೇಳ್ದೇ ಇರೋರ್ಗೆ ನಾನ್ಯಾಕೆ ಆಕ್ಲಿ?”

“ಕೀನ್ಯಾದಿಂದ ಬಸ್ಸಿಲ್ಲ ಯಶೋದಕ್ಕ” ಎಂದರು ಅಲ್ಮಾಸ್. ತರಗತಿ ನಕ್ಕಿತು. ಯಶೋದಮ್ಮ ನಗಲಿಲ್ಲ.

ಮನೆಯಲ್ಲಿ ಗಂಡ ದೇವರಾಜು ಊಟಕ್ಕೆ ಕೂತಿದ್ದ. ಕಲ್ಲಿನ ಕ್ವಾರಿಯಲ್ಲಿ ಲಾರಿ ಓಡಿಸುವವನು, ಎಲ್ಲಕ್ಕೂ ಅವನ ಬಳಿ ಹತ್ತಿರದ ದಾರಿಯೊಂದು ಇರುತ್ತದೆ.

“ಮೈಸೂರೋನೊಬ್ಬ ಅವ್ನಲ್ಲ, ನಮ್ ಕಡೆಯೋನು. ಕಣ್ಮುಚ್ಕಂಡು ಒತ್ಬುಡು” ಎಂದ. “ಅದೂ ಆಗ್ದಿದ್ರೆ ನಾಗಾರ್ಜುನನ ಮೊಬೈಲ್ ಅಂಗ್ಡೀಲಿ ಫೋನ್ ಕೊಟ್ಬುಟ್ ಬಾ. ರೇಷನ್ ಕಾರ್ಡಿಂದೆಲ್ಲ ಅವ್ನೇ ಒತ್ಕೊಡಲ್ವಾ?”

ಯಶೋದಮ್ಮನಿಗೆ ಅದೇ ಸುಲಭವೆನ್ನಿಸಿತು. ಮರುದಿನ ಅಲ್ಮಾಸರಿಗೆ ಹೇಳಿದಾಗ ಅವರು ಚಾಕ್‌ಪೀಸು ಕೆಳಗಿಟ್ಟರು.

“ಬೂತಿನ ಒಳಗೆ ನಾಗಾರ್ಜುನನ್ನ ಕರ್ಕೊಂಡು ಹೋಗ್ತೀರಾ ಅಕ್ಕ?”

“ಅದೆಂಗಾಯ್ತದೆ?”

“ಇದೂ ಬೂತೇ. ನಿಮ್ಮ ಫೋನಿಗೆ ಬಂದಿರೋ ಓಟಿನ ಲಿಂಕ್ ನಿಮ್ಮೊಬ್ಬರದ್ದು. ಅದನ್ನ ಯಾರಿಗೂ ಕಳಿಸಬಾರದು, ಒಟಿಪಿ ಯಾರಿಗೂ ಹೇಳಬಾರದು.”

“ಅಂಗಾರೆ ಯಾರ್ಗೆ ಒತ್ಬೇಕು ಅಂತ ನೀವೇ ಹೇಳ್ಬುಡಿ. ನಂಗೊತ್ತಾಗಕಿಲ್ಲ.”

ಅಲ್ಮಾಸ್ ಆಗದೆಂದು ತಲೆಯಾಡಿಸಿದರು. “ನಾನು ಹೇಳಿದ್ರೆ ಅದು ನನ್ನ ಎರಡನೇ ಓಟಾಗುತ್ತೆ, ನಿಮ್ಮದಲ್ಲ. ಅವರು ನಿಮ್ಮ ಬಾಗಿಲಿಗೆ ಬರೋಕಾಗಲ್ಲ ತಾನೆ? ನೀವೇ ಅವರ ಬಾಗಿಲಿಗೆ ಹೋಗಿ.”

ಬಳಗದ ಪುಟದಲ್ಲಿ ಅದಕ್ಕೂ ಜಾಗವಿತ್ತು. ಮೂವರೂ ತಾವು ಯಾರು, ಗೆದ್ದರೆ ಏನು ಮಾಡುತ್ತೇವೆ ಎಂದು ಬರೆದಿದ್ದರು. ಅದರ ಕೆಳಗೆ ಯಾವ ಸದಸ್ಯರಾದರೂ ತಮ್ಮ ಭಾಷೆಯಲ್ಲೇ ಪ್ರಶ್ನೆ ಹಾಕಬಹುದಿತ್ತು. ಓಟು ಹಾಕುವವಳೇ ಹೋಗಿ ಬಾಗಿಲು ತಟ್ಟುವುದು ಯಶೋದಮ್ಮನಿಗೆ ತಲೆಕೆಳಗಾದ ವ್ಯವಹಾರವಾಗಿ ಕಂಡಿತು. ದೊಡ್ಡ ದೊಡ್ಡವರು ಓದುವ ಕಡೆ ತನ್ನ ಕಾಗುಣಿತ ತಪ್ಪಿದರೆ ಎಂಬ ಹೆದರಿಕೆ ಬೇರೆ. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಹೀಗಾಯಿತು:

‘ನಮಸ್ಕಾರ. ನಮ್ಮೂರಲ್ಲಿ ಓಟು ಬೇಕಾದವರು ಮನೆಗೆ ಬಂದು ಕೇಳುತ್ತಾರೆ. ನೀವು ಬರುವುದು ಕಷ್ಟ. ಅದಕ್ಕೆ ನಾನೇ ಬಂದಿದ್ದೇನೆ. ರೇಖಾಗಣಿತ ಕನ್ನಡದಲ್ಲಿ ಇಲ್ಲ. ನನಗೆ ಪರೀಕ್ಷೆ ಇದೆ. ಗೆದ್ದರೆ ಏನು ಮಾಡುತ್ತೀರಿ? ಯಶೋದಮ್ಮ, ಚಿನಕುರಳಿ.’

ಕಳಿಸಿದ ಮೇಲೆ ಹಾಲು ಕರೆಯುವಾಗಲೂ ಫೋನಿನ ಕಡೆಗೇ ಕಣ್ಣು. ಎಮ್ಮೆ ಎರಡು ಸಲ ಬಾಲದಿಂದ ಬಾರಿಸಿತು. ಇಷ್ಟು ಸಣ್ಣ ಊರಿನವಳಿಗೆ ಯಾರು ಉತ್ತರ ಕೊಡುತ್ತಾರೆಂದು ದೇವರಾಜು ರೇಗಿಸಿದ.

ಆದರೆ ಉತ್ತರ ಬಂತು, ಅದೂ ಕನ್ನಡಕ್ಕೆ ಅನುವಾದವಾಗಿ. ವಾಂಜಿರು ಬರೆದಿದ್ದರು: ‘ಯಶೋದಮ್ಮ, ನಮ್ಮೂರಲ್ಲೂ ಮನೆಗೇ ಬಂದು ಕೇಳುತ್ತಾರೆ. ನೀವು ನನ್ನ ಮನೆಗೆ ಬಂದಿದ್ದರೆ ಚಹಾ ಕೊಡುತ್ತಿದ್ದೆ. ನನ್ನ ಮಾತೃಭಾಷೆಯಲ್ಲೂ ರೇಖಾಗಣಿತ ಇಲ್ಲ. ಇಂಥ ಭಾಷೆಗಳ ಪರವಾಗಿ ಮಂಡಳಿಯಲ್ಲಿ ಮಾತಾಡುತ್ತೇನೆ. ಇಂಥ ದಿನವೇ ಆಗುತ್ತದೆಂದು ಮಾತ್ರ ಹೇಳಲಾರೆ.’ ನರಸಯ್ಯ ಮೇಷ್ಟ್ರ ಉತ್ತರ ಇನ್ನೂ ನೇರವಾಗಿತ್ತು: ‘ಮೊದಲು ಇಂಗ್ಲಿಷ್ ಪಾಠಗಳೆಲ್ಲ ಮುಗಿಯಲಿ ಎಂದುಕೊಂಡಿದ್ದೆ. ನಿಮ್ಮ ಪ್ರಶ್ನೆ ನೋಡಿ ಅದು ತಪ್ಪಿರಬಹುದು ಅನ್ನಿಸಿದೆ. ಗೆದ್ದರೂ ಸೋತರೂ ಒಂದು ಸಲ ನಿಮ್ಮ ತರಗತಿ ನೋಡಲು ಬರುತ್ತೇನೆ.’ ಇನೆಸ್ ಉತ್ತರಿಸಲಿಲ್ಲ. ಆದರೂ ಪುಟದಲ್ಲಿ ಅವರು ಮೊದಲೇ ಬರೆದಿದ್ದರ ಅನುವಾದವನ್ನೂ ಯಶೋದಮ್ಮ ಬಿಡದೆ ಓದಿದಳು.

ಕೊನೆಯ ದಿನಕ್ಕೆ ಕಾಯದೆ, ಎಮ್ಮೆಯ ಕೊಟ್ಟಿಗೆ ಕಡೆ ಹೋಗಿ, ಒಬ್ಬಳೇ ನಿಂತು ಓಟು ಒತ್ತಿ ಬಂದಳು.

“ಯಾರ್ಗೆ ಒತ್ದೆ?” ದೇವರಾಜು ಕೇಳಿದ.

“ಬೂತ್ ಒಳಗಿನ್ ವಿಷ್ಯ ಕೇಳ್ಬಾರ್ದು. ಉಣ್ಣಿ ಸುಮ್ಕೆ.”

ವಾಂಜಿರು ಮತ್ತು ನರಸಯ್ಯ ಗೆದ್ದರು. ಅಂದೇ ಸಂಜೆ ಯಶೋದಮ್ಮ ಅದೇ ಪುಟದಲ್ಲಿ ಇಬ್ಬರಿಗೂ ಬರೆದಳು: ‘ಗೆದ್ದಿದ್ದು ಸಂತೋಷ. ವೃತ್ತದ ಪಾಠ ಯಾವಾಗ?’ ಅದನ್ನು ನೋಡಿ ತರಗತಿಯ ಉಳಿದವರೂ ಕೆಳಗೆ ತಮ್ಮ ತಮ್ಮ ಪ್ರಶ್ನೆ ಸೇರಿಸಿದರು.

ಮಂಡಳಿಯ ಮೊದಲ ಸಭೆ ಕಳೆದು ಕೆಲವು ದಿನಗಳಾಗಿದ್ದವು. ಒಂದು ಸಂಜೆ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಈಗ ಯಾವ ಚುನಾವಣೆ ಎಂದುಕೊಂಡು ಯಶೋದಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಚಪ್ಪಲಿ ಬಿಟ್ಟು, ಕಂಕುಳಲ್ಲಿ ಕಾಗದದ ಕಟ್ಟು ಹಿಡಿದು, ಬಿಳಿಗೂದಲಿನ ಒಬ್ಬರು ನಿಂತಿದ್ದರು. ಪಕ್ಕದಲ್ಲಿ ಅಲ್ಮಾಸ್.

“ನಾನು ನರಸಯ್ಯ. ಬರ್ತೀನಿ ಅಂದಿದ್ದೆನಲ್ಲ. ವೃತ್ತದ ಪಾಠ ಕನ್ನಡಕ್ಕೆ ಬಂದಿದೆ. ನೀವು ತಿದ್ದಿಕೊಟ್ಟ ಮೇಲೆ ಎಲ್ಲರಿಗೂ ಹೋಗುತ್ತೆ.”

ಯಶೋದಮ್ಮ ಹಿಂದೆಯೇ ಬಂದು ನಿಂತಿದ್ದ ಗಂಡನ ಕಡೆ ತಿರುಗಿದಳು. “ನೋಡುದ್ರಾ? ಓಟ್ ಆದ್ಮೇಲೆ ಬಾಗ್ಲಿಗೆ ಬಂದೋರ್ನ ಇವತ್ತೇ ಕಂಡಿದ್ದು ನಾನು.”

ಕಾಫಿ ಕೊಟ್ಟು ಜಗಲಿಯಲ್ಲಿ ಪಾಠದ ಕಟ್ಟು ಬಿಚ್ಚಿದಳು. ಮೊದಲ ಪುಟದಲ್ಲಿ ಹೋಳು ಮಾಡಿದ ಪಿಜ್ಜಾ ಇತ್ತು. ಪೆನ್ಸಿಲು ತೆಗೆದು ಅದಕ್ಕೆ ಗೀಟು ಹಾಕಿ, ಪಕ್ಕದಲ್ಲಿ ‘ಗಾಡಿ ಚಕ್ರ’ ಎಂದು ಬರೆದಳು. ಚಕ್ರದ ನಡುವಿನ ಗುಂಬದಿಂದ ಅಂಚಿಗೆ ಚಾಚಿದ ಮರದ ಅರೆಕಾಲು ಒಂದೊಂದೂ ಒಂದೊಂದು ತ್ರಿಜ್ಯ. ಬರೆಯುವಾಗಲೇ ಅದು ಅವಳಿಗೆ ಅರ್ಥವಾಗಿಬಿಟ್ಟಿತ್ತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಂದು ಓಟು ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ನೀವೂ ಇಂಥದೊಂದು ಬಳಗದ ಸದಸ್ಯರಾಗಿದ್ದರೆ, ಓಟಿನ ಸಂದೇಶ ಬಂದಾಗ ಅದು ದೊಡ್ಡವರ ವಿಷಯವೆಂದು ಅಳಿಸಬೇಡಿ. ನಿಂತವರು ಬರೆದದ್ದನ್ನು ಓದಿ. ನಿಮ್ಮ ಭಾಷೆಯಲ್ಲೇ ಪ್ರಶ್ನೆ ಕೇಳಿ. ಫೋನನ್ನು ಬೇರೆಯವರ ಕೈಗೆ ಕೊಡದೆ ನೀವೇ ಒತ್ತಿ. ಗೆದ್ದವರನ್ನು ಮತ್ತೆ ಮತ್ತೆ ಕೇಳಿ. ಅವರು ನಿಮ್ಮ ಬಾಗಿಲಿಗೆ ಬರಲಿ ಎಂದು ಕಾಯುತ್ತ ಕೂರಬೇಡಿ. ಇವತ್ತೇ ಹೋಗಿ ಅವರ ಬಾಗಿಲು ತಟ್ಟಿ.