ಆರನೆಯ ಬೋಲ್ಟು

ಒಂದು ಹನಿ, ಅಲ್ಲ, ಬೆವರು, ತನ್ನದೇ ಮೂಗಿನ ತುದಿಯಿಂದ ಜಾರಿದ್ದು, ಅವಳು ಮೂಗನ್ನು ಭುಜಕ್ಕೆ ಉಜ್ಜಿಕೊಂಡು ಟಾರ್ಚನ್ನು ಮತ್ತೆ ಹಲ್ಲಿನಲ್ಲಿ ಕಚ್ಚಿದಳು, ದೋಣಿಯ ಬಾಲದ ಈ ಗೂಡಿನಲ್ಲಿ ಎದೆ ಊರಿ ಮಲಗಿ ಕಾಲು ಗಂಟೆ ಆಯಿತು, ಮೊಣಕೈ ಮಡಿಸಲೂ ಜಾಗವಿಲ್ಲ, ಒಂದು ಕಾಲದಲ್ಲಿ ಇಂಥ ಸಂದಿಗಳಲ್ಲಿ ಬೆಕ್ಕಿನ ಹಾಗೆ ನುಸುಳುತ್ತಿದ್ದಳು, ಈಗ ಐವತ್ತೆರಡು, ಸೊಂಟ ಬಾಗಿಲಲ್ಲೇ ತಕರಾರು ತೆಗೆಯುತ್ತದೆ. ಹೊಟ್ಟೆಯ ಕೆಳಗೆ ತಣ್ಣಗೆ, ಎರಡು ಚೊಂಬಿನಷ್ಟು ನೀರು, ಬೆಳಿಗ್ಗೆ ಇರಲಿಲ್ಲ, ಜನರ ಭಾರದ ಬದಲಿಗೆ ಹಿಂಬದಿಗೆ ಇಪ್ಪತ್ತು ಮರಳಿನ ಚೀಲ ಹೇರಿದ ಮೇಲೆ ಬಂದದ್ದು. ಮೇಲಿನಿಂದ ಚಾಲಕ ಬಗ್ಗಿ ಕೇಳುತ್ತಾನೆ, ಏನಾದರೂ ಕಂಡಿತಾ ಅಕ್ಕ, ಎರಡು ಗಂಟೆಗೆ ಜನ ಹತ್ತಿಸಬೇಕು, ತಿಂಗಳಾದ ಮೇಲೆ ಮೊದಲ ಸಲ, ಯಜಮಾನರು ಆಗಲೇ ಎರಡು ಸಲ ಫೋನ್ ಮಾಡಿದರು. ಬಾಯಲ್ಲಿ ಟಾರ್ಚು, ಉತ್ತರ ಹೇಳಬೇಕಿಲ್ಲ, ಅಷ್ಟು ಒಳ್ಳೆಯದು. ಶಾಫ್ಟಿನ ಕಡೆಯಿಂದ ಇರಲಿ, ಅವಳು ಮನಸ್ಸಿನಲ್ಲೇ ಅಂದುಕೊಂಡಳು, ಅಲ್ಲಿಂದಲೇ ಇರಲಿ, ಟಾರ್ಚು ತಿರುಗಿಸಿದಳು, ದೋಣಿಯ ಹೊಟ್ಟೆಯನ್ನು ಹಾದು ಹೊರಗಿನ ರೆಕ್ಕೆಯನ್ನು ತಿರುಗಿಸುವ ಆ ದಪ್ಪ ಸರಳು, ಅದರ ಬುಡದಲ್ಲಿ ನಿಮಿಷಕ್ಕೆ ಎರಡು ಹನಿ, ಬೀಳಬೇಕಾದಷ್ಟೇ, ಅಪ್ಪ ಕಲಿಸಿದ್ದರು, ಅಷ್ಟೂ ಬೀಳದಿದ್ದರೆ ಸರಳು ಸುಡುತ್ತದೆ ಅಂತ, ಅವಳಿಗೂ ತಮ್ಮನಿಗೂ ಒಂದೇ ದಿನ, ಒಂದೇ ದೋಣಿಯ ಕೆಳಗೆ ಕೂರಿಸಿ. ಹಾಗಾದರೆ ಅಲ್ಲಿಂದಲ್ಲ. ಅಲ್ಲಿಂದಲ್ಲ ಅಂದರೆ ಇನ್ನು ಉಳಿದಿರುವುದು ಒಂದೇ ಜಾಗ, ಅದು ತಲೆಯ ಹತ್ತಿರವೇ ಇದೆ, ಅಲ್ಲಿಗೆ ಕಣ್ಣು ಹೋಗುತ್ತಿಲ್ಲ.

ಎಂಜಿನ್ನಿನ ಹೊಗೆಯನ್ನೂ ಬಿಸಿನೀರನ್ನೂ ಹೊರಗೆ ಉಗುಳುವ ಕೊಳವೆ, ಹಿಂಬದಿಯ ಹಲಗೆಯನ್ನು ತೂರಿಕೊಂಡು ನದಿಗೆ ಬಾಯಿ ತೆರೆಯುವ ಕಡೆ ಒಂದು ಕಬ್ಬಿಣದ ಬಿಲ್ಲೆ, ಬಿಲ್ಲೆಗೆ ಆರು ಬೋಲ್ಟು, ಆರೂ ಅವಳೇ ಹಾಕಿದ್ದು. ಬಟ್ಟೆಯಿಂದ ಒರೆಸಿದಳು, ಒಣಬಟ್ಟೆಯಿಂದ ಇನ್ನೊಮ್ಮೆ, ಜೇಬಿನಿಂದ ಮುಖಕ್ಕೆ ಹಾಕುವ ಪೌಡರಿನ ಡಬ್ಬಿ ತೆಗೆದು ಬಿಲ್ಲೆಯ ಸುತ್ತ ಉದುರಿಸಿದಳು, ಗೂಡಿನ ತುಂಬ ಮದುವೆ ಮನೆಯ ವಾಸನೆ, ಸೀನು ಬಂತು, ತಡೆದಳು, ಟಾರ್ಚು ಕೈಗೆ ತೆಗೆದು, ಎಂಜಿನ್ ಏರಿಸಪ್ಪ, ಇನ್ನೂ, ಹಗ್ಗ ಬಿಗಿಯಾಗುವ ತನಕ. ದೋಣಿ ಕಟ್ಟಿದ ಜಾಗದಲ್ಲೇ ಹೆಣಗಿತು, ಬಾಲ ಕುಗ್ಗಿತು, ಹೊರಗೆ ನೀರು ಕೊಳವೆಯ ಬಾಯಿ ದಾಟಿ ಮೇಲೇರುವುದು ಕಿವಿಗೆ ಗೊತ್ತಾಗುತ್ತದೆ, ಸದ್ದು ಬದಲಾಗುತ್ತದೆ, ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ. ಶೆಡ್ಡಿನ ಮುಂದೆ ನೀರಿಗಿಳಿಸಿ ಪರೀಕ್ಷೆ ಮಾಡಿದಾಗ ಬರಿದೋಣಿ, ಕೊಳವೆ ನೀರಿಗಿಂತ ಗೇಣು ಮೇಲೆ, ಸೋರುವುದಾದರೂ ಹೇಗೆ. ಒಂದು, ಎರಡು, ಮೂರು ಬೋಲ್ಟು, ಒಣಗಿವೆ, ನಾಲ್ಕು, ಐದು. ಆರನೆಯದು, ಬುಡದ್ದು. ಪೌಡರಿನಲ್ಲಿ ಒಂದು ಕಪ್ಪು ಗೆರೆ, ಸೂಜಿಯಿಂದ ಗೀರಿದಷ್ಟು ಸಣ್ಣದು, ಕೆಳಗಿಳಿಯಿತು, ನಿಂತಿತು, ಮತ್ತೆ ಇಳಿಯಿತು. ಆಶ್ಚರ್ಯವಾಗಲಿಲ್ಲ. ಮರೆತಿದ್ದೆ ಅಂತ ಹೇಳಬಹುದು, ಮರೆತಿರಲಿಲ್ಲ, ಐದು ಬೋಲ್ಟಿಗೆ ನೀರು ತಡೆಯುವ ಸೀಲೆಂಟಿನ ಟ್ಯೂಬು ಮುಗಿದಿತ್ತು, ಸುತ್ತಿ ಸುತ್ತಿ ಹಿಂಡಿದ್ದಳು, ಬರಲಿಲ್ಲ, ಹೊಸದು ಶೆಡ್ಡಿನ ಆ ತುದಿಯಲ್ಲಿ, ಭರತದಲ್ಲಿ ಏರಿದ ನೀರು ಇಳಿಯುವ ಮುಂಚೆ ದೋಣಿ ನೀರಿಗೆ ಇಳಿಸಬೇಕು, ಯಜಮಾನ ಗಡಿಯಾರ ನೋಡುತ್ತ ನಿಂತಿದ್ದ, ಬಿಗಿಯಾಗಿ ತಿರುಗಿಸಿದರೆ ಸಾಕು ಅನ್ನಿಸಿತು, ತಿರುಗಿಸಿದಳು, ಅಂಗೈ ಕೆಂಪಾಗುವಷ್ಟು.

ಆಮೇಲೆ ಎರಡು ವಾರಕ್ಕೆ ನಡುನದಿಯಲ್ಲಿ ನಲವತ್ತು ಜನ, ಬಾಲ ಮುಳುಗಿ ಎಂಜಿನ್ ನಿಂತು, ಮರಳಿನ ದೋಣಿಯೊಂದು ಪಕ್ಕಕ್ಕೆ ಬಂದು ಎಲ್ಲರನ್ನೂ ದಾಟಿಸಿಕೊಂಡಿತು, ಅವರಲ್ಲೊಬ್ಬ ದರ್ಜಿ ಹೆಂಗಸಿನ ಬಲಗೈ ಎರಡು ದೋಣಿಗಳ ನಡುವೆ ಸಿಕ್ಕಿತು, ಎರಡು ಬೆರಳು ಹೋದವು, ಹೊಲಿಯುವ ಬೆರಳು. ಯಜಮಾನ ಕೇಳಿದ್ದು ರಿಪೇರಿ ಮಾಡುವ ಇವಳನ್ನು, ನೀರು ಎಲ್ಲಿಂದ ಬಂದಿರಬಹುದು, ಇವಳು ಹೇಳಿದ್ದು ಶಾಫ್ಟಿನ ಕಡೆಯಿಂದ, ಹಿಂದಿನ ವಾರವಷ್ಟೇ ತಮ್ಮ ಅದನ್ನು ಕಟ್ಟಿದ್ದ, ಎಲ್ಲರಿಗೂ ಗೊತ್ತಿತ್ತು, ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ತಮ್ಮ ಪಕ್ಕದಲ್ಲೇ ನಿಂತಿದ್ದ. ನಲವತ್ತು ದಾಟಿದವನು, ಅವಳಿಗೆ ಇನ್ನೂ ಪುಟ್ಟ. ಜಗಳ ಮಾಡಲಿಲ್ಲ, ತನ್ನ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡ, ದೊಡ್ಡದರಿಂದ ಚಿಕ್ಕದಕ್ಕೆ, ಸಾಲಾಗಿ, ಈಗ ಬೀದಿಯ ಆಚೆ ಐಸ್ ಕಾರ್ಖಾನೆಯಲ್ಲಿ ಗಡ್ಡೆ ಹೊರುತ್ತಾನೆ, ಅವಳು ಎದುರು ಬಂದರೆ ಪಕ್ಕದ ಓಣಿ ಹಿಡಿಯುತ್ತಾನೆ. ಇನ್ನೊಂದೂ ಇದೆ, ಅದು ಯಾರಿಗೂ ಗೊತ್ತಿಲ್ಲ, ಆಮೇಲೆ ರಿಪೇರಿಗೆ ಶಾಫ್ಟು ಬಿಚ್ಚಿದ್ದು ಅವಳೇ, ನೀರು ತಡೆಯಲು ತಮ್ಮ ಒಳಗೆ ಸುತ್ತಿದ್ದ ಎಣ್ಣೆಹಗ್ಗ ಮೆತ್ತಗೆ, ಒಂದು ಸುತ್ತಿಗೆ ಇನ್ನೊಂದು ಸುತ್ತು ಹೊಂದಿಕೊಂಡು, ಅಪ್ಪನೇ ಕಟ್ಟಿದ್ದಾರೇನೋ ಅನ್ನುವ ಹಾಗೆ, ಅದನ್ನು ಕಿತ್ತು ಕಸಕ್ಕೆ ಹಾಕಿ ಹೊಸದು ತುರುಕಿದ್ದಳು, ಅವತ್ತು ಊಟ ಸೇರಲಿಲ್ಲ, ಜ್ವರ ಬಂದಿರಬೇಕು ಅಂತ ಮನೆಯವರಿಗೆ ಹೇಳಿದಳು.

ಮೇಲಿನಿಂದ ಚಾಲಕ, ಏನಾಯಿತು ಅಕ್ಕ. ಕಂಡಿತು ಇರು. ಈಗ ಜೇಬಿನಲ್ಲಿ ಟ್ಯೂಬಿದೆ, ತುಂಬಿದ ಟ್ಯೂಬು, ಚೀಲ ಇಳಿಸಿದರೆ ಕೊಳವೆ ನೀರಿನ ಮೇಲೆ ಬರುತ್ತದೆ, ಬೋಲ್ಟು ತೆಗೆದು ಮೆತ್ತಿ ಮತ್ತೆ ಕೂರಿಸಲು ಹತ್ತು ನಿಮಿಷ, ಸಣ್ಣದೊಂದು ಸಡಿಲ ಇತ್ತಪ್ಪ ಅಂದರೆ ಮುಗಿಯಿತು, ಯಾರು ಕೇಳುತ್ತಾರೆ. ಸ್ಕ್ರೂಡ್ರೈವರಿನ ತುದಿಯಿಂದ ಬೋಲ್ಟಿನ ಪಕ್ಕದ ಹಲಗೆಯನ್ನು ಮುಟ್ಟಿದಳು, ಸುಮ್ಮನೆ ಮುಟ್ಟಿದ್ದು, ಅದು ನೆನೆದ ಬಿಸ್ಕತ್ತಿನೊಳಗೆ ಹೋದ ಹಾಗೆ ಒಳಗೆ ಹೋಯಿತು, ಮರ ಎಷ್ಟು ದಿನದಿಂದ ನೀರು ಕುಡಿಯುತ್ತಿತ್ತೋ, ಬೋಲ್ಟು ವಾಲಿತು, ಬೆರಳು ದಪ್ಪದ ನೀರು ಕೆನ್ನೆಗೆ ರಪ್ಪನೆ ಬಡಿಯಿತು. ಎಂಜಿನ್ ನಿಲ್ಲಿಸು. ಟಾರ್ಚು ಬಿದ್ದು ನೀರಿನಲ್ಲೇ ಉರಿಯುತ್ತಿದೆ, ಅವಳು ಬಟ್ಟೆ ಉಂಡೆ ಮಾಡಿ ಅಂಗೈಯಿಂದ ಒತ್ತಿ ಹಿಡಿದಳು, ಬಟ್ಟೆಯ ಹಿಂದೆ ನದಿ ತಳ್ಳುತ್ತಿದೆ, ಬಿಡುವ ಹಾಗಿಲ್ಲ. ಚೀಲ ಇಳಿಸು, ಎಲ್ಲಾ ಇಳಿಸು. ಮೇಲೆ ಧಪ್ ಧಪ್ ಅಂತ ಚೀಲಗಳು ಕಟ್ಟೆಗೆ ಬೀಳುತ್ತಿವೆ, ಚಾಲಕ ಒಬ್ಬನೇ, ಏದುಸಿರಿನಲ್ಲಿ ಕೇಳುತ್ತಾನೆ, ಮತ್ತೆ ಶಾಫ್ಟಾ ಅಕ್ಕ. ಮತ್ತೆ ಶಾಫ್ಟಾ. ಅವನೇ ಹೇಳಿಕೊಟ್ಟ ಹಾಗಾಯಿತು, ಹೂಂ ಅಂದರೆ ಸಾಕು, ಪೂರ್ತಿ ಮಾತೂ ಬೇಡ, ಎರಡು ಗಂಟೆಯ ಪ್ರಯಾಣ ಹೇಗೂ ನಿಂತಿತು, ದೋಣಿ ಹೇಗೂ ದಡಕ್ಕೆ ಎಳೆಯಲೇಬೇಕು, ಹಲಗೆ ಕತ್ತರಿಸಿ ಹೊಸದು ಜೋಡಿಸಬೇಕು, ಆ ಶಾಫ್ಟಿನ ದೆಸೆಯಿಂದ ಇಷ್ಟೆಲ್ಲ ಕೊಳೆಯಿತು ಅಂದರೆ ನಂಬುತ್ತಾರೆ, ನಾಲಿಗೆಯ ತುದಿಯಲ್ಲಿ ಹೂಂ ಬಂದು ಕೂತಿದೆ.

ಅಲ್ಲ, ಅಂದಳು. ಹೊಗೆ ಕೊಳವೆ. ನಾನು ಹಾಕಿದ್ದು. ಅವತ್ತು ಸೋರಿದ್ದೂ ಇದೇ.

ಚೀಲ ಬೀಳುವ ಸದ್ದು ನಿಂತಿತು, ಮತ್ತೆ ಶುರುವಾಯಿತು, ಈಗ ನಿಧಾನ. ಯಜಮಾನರಿಗೆ ಏನು ಹೇಳಲಿ ಅಂತ ಅವನು ಕೇಳಿದ, ಹೇಳಿದ್ದನ್ನೇ ಹೇಳು ಅಂದಳು, ಮೊದಲು ಐಸ್ ಕಾರ್ಖಾನೆಗೆ ಫೋನ್ ಮಾಡಿ ನನ್ನ ತಮ್ಮನನ್ನು ಕರೆ, ಫೋನು ನನ್ನ ಕಿವಿಗೆ ಹಿಡಿ. ಅವನು ಬಾಗಿಲಲ್ಲಿ ಬೋರಲಾಗಿ ಮಲಗಿ ತೋಳು ಚಾಚಿ ಹಿಡಿದ, ಗಂಟೆ ಹೋಗುತ್ತಿದೆ, ಹೋಗುತ್ತಿದೆ, ಯಾರೋ ಎತ್ತಿ ಕೂಗಿ ಕರೆದರು, ಆಮೇಲೆ ಉಸಿರು, ತಮ್ಮನ ಉಸಿರು ಗೊತ್ತಾಗದೆ ಇರುತ್ತದೆಯೇ. ಪುಟ್ಟಾ, ಶಾಫ್ಟಲ್ಲ ಕಣೋ, ನನ್ನ ಬೋಲ್ಟು, ನಿನ್ನ ಕೆಲಸ ಸರಿಯಾಗಿತ್ತು, ಬಿಚ್ಚಿದ ದಿನವೇ ನಾನು ನೋಡಿದ್ದೆ. ಹಿಂದೆ ಐಸ್ ಪುಡಿ ಮಾಡುವ ಯಂತ್ರದ ಸದ್ದು. ಬಯ್ಯಲಿ, ಒಂದು ಮಾತು ಬಯ್ಯಲಿ. ಎಷ್ಟು ದಪ್ಪ ನೀರು, ಅಂತ ಕೇಳಿದ. ಬೆರಳಷ್ಟು. ಕೈಯಲ್ಲಿ ಹಿಡಿದಿದ್ದೀಯಾ. ಹೂಂ. ಕಟ್ಟಾಯಿತು. ಬರುತ್ತಾನೋ ಇಲ್ಲವೋ ಹೇಳಲಿಲ್ಲ, ಬರದಿದ್ದರೆ ಅದೂ ಸರಿಯೇ, ಅಂಗೈ ಜೋಮು ಹಿಡಿಯುತ್ತಿದೆ, ಬಾಲ ಬೆರಳಷ್ಟು ಬೆರಳಷ್ಟು ಮೇಲೇಳುತ್ತಿದೆ, ಬಟ್ಟೆಯ ಹಿಂದೆ ನದಿಯ ಜೋರು ಇಳಿಯುತ್ತಿದೆ, ನಾಳೆ ದರ್ಜಿಯ ಮನೆಗೆ ಹೋಗಬೇಕು, ಬಾಗಿಲು ಅವಳೇ ತೆಗೆದರೆ ಯಾವ ಕೈಯಿಂದ ತೆಗೆಯುತ್ತಾಳೆ, ಅಲ್ಲಿ ಮೊದಲ ಮಾತು ಏನು, ಕೂತು ಹೇಳುವುದೋ ನಿಂತು ಹೇಳುವುದೋ, ಯಾರೋ ಓಡುತ್ತ ಬಂದು ಕಟ್ಟೆಯಿಂದ ದೋಣಿಗೆ ಹಾರಿದರು, ದೋಣಿ ವಾಲಿತು, ಚಾಲಕ ಏನೋ ಅಂದ, ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು, ಕತ್ತಲೆ, ಮತ್ತೆ ಬೆಳಕು, ಆ ಬೆಳಕಿನಲ್ಲಿ ಒಂದು ಕೈ ಒಳಗೆ ಇಳಿಯಿತು. ಐಸ್ ಹೊತ್ತು ಬಿಳಿಚಿ ಸುಕ್ಕಾದ ಕೈ, ಉಗುರಿನ ಸಂದಿಯಲ್ಲಿ ಈಗ ಎಣ್ಣೆಯ ಕಪ್ಪಿಲ್ಲ, ತೊಳೆದು ತೊಳೆದು ಬೇರೆ ಯಾರದೋ ಆಗಿಬಿಟ್ಟ ಕೈ, ಅವಳ ಮುಖದಿಂದ ಗೇಣು ದೂರದಲ್ಲಿ ಅಂಗೈ ಮೇಲಾಗಿ ಚಾಚಿ ನಿಂತಿದೆ, ಸ್ಪ್ಯಾನರು ಕೇಳುತ್ತಿದೆಯೋ, ಅವಳನ್ನು ಹೊರಗೆ ಎಳೆಯಲು ಬಂದಿದೆಯೋ, ಬಟ್ಟೆ ಬಿಟ್ಟರೂ ಈಗ ನೀರು ಬರಲಾರದು, ಬಿಡಬಹುದು, ಬಿಡಬೇಕು, ಅವಳ ಬೆರಳು ಬಿಡುತ್ತಿಲ್ಲ, ಆ ಕೈ, ಬಿಳಿಚಿದ ಕೈ, ಬರಿಗೈ, ಹಿಂದೆ ಸರಿಯದೆ, ಆ ಕೈ —